ಮೊದಲು ವೇಗ, ಆಮೇಲೆ ಕೋನ

ಪೂಲ್ ಟೇಬಲ್ಲಿನಲ್ಲಿ ಗುರಿಚೆಂಡನ್ನು ಕುಷನ್ನಿಗೆ ಬಡಿಸಿ ಪಾಕೆಟ್ಟಿಗೆ ಹಾಕುವ ಬ್ಯಾಂಕ್ ಶಾಟ್ ಹೇಳಿಕೊಡಿ ಎಂದು ಬರುವ ಎಳೆಯರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ಕುಷನ್ನಿನಲ್ಲಿ ಯಾವ ಜಾಗಕ್ಕೆ ಹೊಡೆಯಬೇಕು? ನೀನೂ ಅದನ್ನೇ ಕೇಳಿದೆ. ಅದಕ್ಕೆ ಉತ್ತರ ಇದೆ, ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ಎಷ್ಟು ಜೋರಾಗಿ ಹೊಡೆಯಬೇಕು? ಇದನ್ನು ನಿಶ್ಚಯ ಮಾಡಿಕೊಳ್ಳದೆ ಜಾಗ ಹುಡುಕುತ್ತಾ ಕೂತರೆ ಇಡೀ ಜೀವಮಾನ ಹುಡುಕುತ್ತಲೇ ಇರಬೇಕಾದೀತು. ಒಂದೇ ಚೆಂಡನ್ನು ಒಂದೇ ಜಾಗದಿಂದ ಕುಷನ್ನಿನ ಅದೇ ಬಿಂದುವಿಗೆ ಮೆಲ್ಲಗೆ ಹೊಡೆದರೆ ಒಂದು ಕಡೆ ಹೋಗುತ್ತದೆ, ಬಿರುಸಾಗಿ ಹೊಡೆದರೆ ಇನ್ನೊಂದು ಕಡೆ. ಎರಡರ ನಡುವೆ ಒಂದು ಪಾಕೆಟ್ಟಿನಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ.

ನಮ್ಮ ಕಡೆ ಕ್ಯೂ ಹಿಡಿಯುವವರಲ್ಲಿ ಬಹಳ ಮಂದಿ ಮೊದಲು ಕೇರಂ ಬೋರ್ಡಿನ ಮುಂದೆ ಕೂತವರು. ರಿಬೌಂಡ್ ಹೊಡೆದು ಕಾಯಿ ಹಾಕಿದ ಕೈಗೆ, ಪೂಲ್ ಟೇಬಲ್ಲಿನ ಬ್ಯಾಂಕೂ ಅದೇ ತಾನೇ ಎನಿಸುವುದು ಸಹಜ. ಆ ಅಭ್ಯಾಸ ನಿನಗೆ ಅರ್ಧ ದಾರಿ ನೆರವಾಗುತ್ತದೆ, ಉಳಿದರ್ಧ ದಾರಿ ತಪ್ಪಿಸುತ್ತದೆ. ಕೇರಂ ಸ್ಟ್ರೈಕರ್ ಚಪ್ಪಟೆ ಬಿಲ್ಲೆ. ಪೌಡರ್ ಹಾಕಿದ ಹಲಗೆಯ ಮೇಲೆ ಅದು ಜಾರುತ್ತದೆಯೇ ಹೊರತು ಉರುಳುವುದಿಲ್ಲ. ಹಾಗಾಗಿ ಮರದ ಅಂಚಿಗೆ ಬಡಿದಾಗ ಹೋದ ಕೋನಕ್ಕೆ ಹೆಚ್ಚುಕಡಿಮೆ ಸಮನಾದ ಕೋನದಲ್ಲಿ ಮರಳುತ್ತದೆ. ಚೆಂಡು ಹಾಗಲ್ಲ. ಪೆಟ್ಟು ಬಿದ್ದ ಕೂಡಲೇ ಅದು ಬಟ್ಟೆಯ ಮೇಲೆ ಸ್ವಲ್ಪ ದೂರ ಜಾರುತ್ತದೆ, ಆಮೇಲೆ ಬಟ್ಟೆಯ ಹಿಡಿತ ಸಿಕ್ಕಿ ಉರುಳತೊಡಗುತ್ತದೆ. ಆ ಉರುಳು ಕುಷನ್ನಿಗೆ ಬಡಿದ ಕ್ಷಣ ಸತ್ತುಹೋಗುವುದಿಲ್ಲ. ಚೆಂಡು ಹಿಂದಕ್ಕೆ ಹೊರಟರೂ ಅದರ ಮೈಯಲ್ಲಿ ಮುಂದಕ್ಕೆ ಉರುಳುವ ಸುತ್ತು ಇನ್ನೂ ಉಳಿದಿರುತ್ತದೆ. ಆ ಸುತ್ತು ಚೆಂಡನ್ನು ಕುಷನ್ನಿನ ಕಡೆಗೇ ಎಳೆಯುತ್ತದೆ, ಕುಷನ್ನಿನ ಉದ್ದಕ್ಕೆ ಇರುವ ಓಟವನ್ನು ಮಾತ್ರ ಹಾಗೆಯೇ ಬಿಡುತ್ತದೆ. ಪರಿಣಾಮವಾಗಿ ದಾರಿ ಅಗಲವಾಗುತ್ತದೆ, ಆಟಗಾರರ ಮಾತಿನಲ್ಲಿ ಚೆಂಡು ‘ಲಾಂಗ್’ ಹೋಗುತ್ತದೆ. ಬಿರುಸಾಗಿ ಹೊಡೆದರೆ ಉರುಳು ಹುಟ್ಟುವುದಕ್ಕೆ ಸಮಯವೇ ಸಿಗುವುದಿಲ್ಲ. ಚೆಂಡು ಜಾರುತ್ತಲೇ ಬಂದು ರಬ್ಬರಿನೊಳಕ್ಕೆ ಆಳವಾಗಿ ಒತ್ತಿ, ಹೋದದ್ದಕ್ಕಿಂತ ನೇರವಾಗಿ ವಾಪಸಾಗುತ್ತದೆ. ಅದು ‘ಶಾರ್ಟ್’.

ಚೆಂಡಿನ ಈ ಜಾರುವಿಕೆ, ಉರುಳು, ಸುತ್ತುಗಳನ್ನು ಗಣಿತದಲ್ಲಿ ಬಿಡಿಸಿ ಫ್ರಾನ್ಸಿನ ಗಾಸ್ಪಾರ್ ಕೊರಿಯೋಲಿಸ್ 1835ರಲ್ಲೇ ಬಿಲಿಯರ್ಡ್ಸ್ ಬಗ್ಗೆ ಒಂದು ಪುಸ್ತಕ ಬರೆದ. ಭೂಮಿ ತಿರುಗುವುದರಿಂದ ಗಾಳಿ ಓರೆಯಾಗುವುದನ್ನು ವಿವರಿಸುವಾಗ ಶಾಲೆಯ ಪುಸ್ತಕಗಳು ಹೇಳುವ ಕೊರಿಯೋಲಿಸ್ ಇವನೇ. ಅಂಥ ತಲೆಯೊಂದು ಈ ಹಸಿರು ಬಟ್ಟೆಯ ಮೇಲೆ ಗಂಭೀರವಾಗಿ ಕೆಲಸ ಮಾಡಿದೆ ಎನ್ನುವುದನ್ನು ನೆನೆದಾಗಲೆಲ್ಲ ಈ ಆಟದ ಬಗ್ಗೆ ನನಗೆ ಹೆಮ್ಮೆಯಾಗುತ್ತದೆ. ಪೂಲ್ ಪಾರ್ಲರಿಗೆ ಹೋಗುವುದೆಂದರೆ ಹೊತ್ತು ಹಾಳು ಮಾಡುವುದು ಎಂದು ಮನೆಯಲ್ಲಿ ಯಾರಾದರೂ ಅಂದರೆ ಬೇಸರ ಪಡಬೇಡ. ಕಲಿಯುವ ಮನಸ್ಸಿಟ್ಟು ಆಡು, ಅಷ್ಟೇ.

ಈಗ ಜಾಗದ ವಿಷಯ. ಒಂಬತ್ತು ಅಡಿಯ ಪೂಲ್ ಟೇಬಲ್ಲಿನ ಆಡುವ ಅಂಗಳ 100 ಇಂಚು ಉದ್ದ, 50 ಇಂಚು ಅಗಲ. ಸುತ್ತಲ ಮರದ ಪಟ್ಟಿಯಲ್ಲಿ 18 ಡೈಮಂಡ್ ಗುರುತುಗಳಿವೆ: ಉದ್ದದ ಬದಿಗೆ ಆರಾರು, ಅಗಲದ ಬದಿಗೆ ಮೂರು ಮೂರು. ಒಂದರಿಂದ ಇನ್ನೊಂದಕ್ಕೆ ಹನ್ನೆರಡೂವರೆ ಇಂಚು. ಉದ್ದದ ಬದಿಯ ನಡುವೆ ಸೈಡ್ ಪಾಕೆಟ್ ಇರುವುದರಿಂದ ಅಲ್ಲೊಂದು ಡೈಮಂಡ್ ಕಾಣುವುದಿಲ್ಲ, ಆದರೆ ಲೆಕ್ಕಕ್ಕೆ ಅದೂ ಸೇರುತ್ತದೆ. ಈ ಗುರುತುಗಳನ್ನು ಅಲಂಕಾರ ಎಂದುಕೊಂಡು ವರ್ಷಗಟ್ಟಲೆ ಆಡಿದವರನ್ನು ನೋಡಿದ್ದೇನೆ. ಟೇಬಲ್ ತನ್ನ ಮೈಮೇಲೆಯೇ ಅಳತೆಪಟ್ಟಿ ಹೊತ್ತುಕೊಂಡು ನಿಂತಿರುವಾಗ ಅದನ್ನು ಓದದೆ ಇರುವುದು ಸರಿಯಲ್ಲ.

ಒಂದು ಬ್ಯಾಂಕನ್ನು ಚೆನ್ನಾಗಿ ತಿಳಿದುಕೊಂಡರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ. ಗುರಿಚೆಂಡು ಟೇಬಲ್ಲಿನ ಅಗಲದ ಸರಿ ನಡುವೆ ಇದೆ ಎಂದುಕೋ. ಮೂಲೆಯ ಪಾಕೆಟ್ಟಿನಿಂದ ಉದ್ದಕ್ಕೆ ಎಣಿಸಿದರೆ ಮೂರು ಡೈಮಂಡ್ ದೂರ. ಅದನ್ನು ಎದುರಿನ ಉದ್ದದ ಕುಷನ್ನಿಗೆ ಬಡಿಸಿ, ಈಚೆ ಬದಿಯ ಆ ಮೂಲೆಗೆ ತರಬೇಕು. ಕುಷನ್ ಒಂದು ಕನ್ನಡಿ, ಅದರಾಚೆಗೆ ಇದೇ ಅಳತೆಯ ಇನ್ನೊಂದು ಟೇಬಲ್ ಇದೆ ಎಂದು ಭಾವಿಸು. ಆ ಕನ್ನಡಿಯೊಳಗಿನ ಪಾಕೆಟ್ಟಿಗೆ ನೇರ ಗೆರೆ ಎಳೆದರೆ ಅದು ಕುಷನ್ನನ್ನು ದಾಟುವ ಜಾಗವೇ ನಿನ್ನ ಗುರಿ. ಗೆರೆ ಎಳೆಯುವುದು ಕಷ್ಟವೆನಿಸಿದರೆ ಲೆಕ್ಕ ಇನ್ನೂ ಸರಳ. ಚೆಂಡು ಕುಷನ್ನಿನಿಂದ 25 ಇಂಚು ದೂರದಲ್ಲಿದೆ, ಪಾಕೆಟ್ 50 ಇಂಚು ದೂರದಲ್ಲಿದೆ. ಒಂದಕ್ಕೆ ಎರಡು. ಹಾಗಿದ್ದರೆ ಉದ್ದಕ್ಕಿರುವ ಮೂರು ಡೈಮಂಡುಗಳೂ ಒಂದಕ್ಕೆ ಎರಡರಂತೆ ಹಂಚಿಕೆಯಾಗುತ್ತವೆ: ಕುಷನ್ನಿಗೆ ತಲುಪುವಾಗ ಒಂದು ಡೈಮಂಡ್ ಮುಂದೆ ಹೋಗಬೇಕು, ಮರಳುವಾಗ ಎರಡು. ಚೆಂಡೂ ಪಾಕೆಟ್ಟೂ ಕುಷನ್ನಿನಿಂದ ಸಮದೂರದಲ್ಲಿದ್ದರೆ ಸರಿ ಅರ್ಧಕ್ಕೆ. ಯಾವ ಜಾಗದಿಂದಲಾದರೂ ಈ ಅನುಪಾತ ಹಾಕಿಕೊಳ್ಳಬಹುದು.

ಇಲ್ಲಿ ಕಣ್ಣು ಮೋಸ ಹೋಗುವ ಒಂದು ಜಾಗವಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಡೈಮಂಡಿನ ಗುರುತು ಇರುವುದು ಮರದ ಪಟ್ಟಿಯ ಮೇಲೆ, ಕುಷನ್ನಿನ ಮೂತಿಯಿಂದ ಸುಮಾರು 94 ಮಿಲಿಮೀಟರ್ ಹಿಂದೆ. ಚೆಂಡಿನ ವ್ಯಾಸ 57 ಮಿಲಿಮೀಟರಿಗಿಂತ ಕೂದಲೆಳೆ ಹೆಚ್ಚು. ಅಂದರೆ ಅದರ ನಡುಬಿಂದು ಕುಷನ್ನಿನ ಮೂತಿಯವರೆಗೂ ಹೋಗುವುದೇ ಇಲ್ಲ, 28 ಮಿಲಿಮೀಟರಿಗೂ ಹೆಚ್ಚು ಈಚೆಯೇ ತಿರುಗಿಬಿಡುತ್ತದೆ. ಈ ಎರಡನ್ನೂ ಕೂಡಿಸು. ಈಗ ಹೇಳಿದ ಓರೆಯಲ್ಲಿ ಡೈಮಂಡಿನ ಗುರುತಿಗೇ ಕಣ್ಣು ನೆಟ್ಟು ಹೊಡೆದರೆ, ಚೆಂಡು ಆ ಡೈಮಂಡಿನ ಎದುರಿಗೆ ಬರುವ ಮೊದಲೇ, ಸುಮಾರು 6 ಸೆಂಟಿಮೀಟರ್ ಹಿಂದೆಯೇ ಕುಷನ್ನಿಗೆ ತಾಗಿರುತ್ತದೆ. ಒಂದು ಇಡೀ ಚೆಂಡಿನ ಅಗಲದಷ್ಟು ತಪ್ಪು! ‘ಸರಿಯಾಗಿ ಹೊಡೆದೆ, ಆದರೂ ಶಾರ್ಟ್ ಬಂತು’ ಎಂದು ಮಕ್ಕಳು ಪೇಚಾಡುವಾಗ ಹತ್ತಕ್ಕೆ ಐದು ಸಲ ಕಾರಣ ಇದೇ ಇರುತ್ತದೆ. ಡೈಮಂಡಿನ *ಎದುರಿಗೆ* ಕುಷನ್ನಿನ ಮೂತಿಯನ್ನು ಮುಟ್ಟಬೇಕೇ, ಡೈಮಂಡಿನ *ಮೂಲಕ* ಹಾಯಬೇಕೇ ಎನ್ನುವುದು ಎರಡು ಬೇರೆ ಬೇರೆ ಗುರಿಗಳು. ನಾನು ಹೇಳಿದ ಒಂದಕ್ಕೆ ಎರಡರ ಲೆಕ್ಕ ಎದುರಿಗೆ ಮುಟ್ಟುವುದಕ್ಕೆ.

ತಪ್ಪಿಗೆ ಎಷ್ಟು ಜಾಗವಿದೆ ಎಂಬುದನ್ನೂ ತಿಳಿದಿರು. ಈ ಬ್ಯಾಂಕಿನಲ್ಲಿ ಗುರಿಚೆಂಡು ಒಟ್ಟು ಸುಮಾರು 84 ಇಂಚು ಓಡುತ್ತದೆ. ಒಂದು ಡಿಗ್ರಿ ಆಚೀಚೆಯಾದರೆ ಕೊನೆಯಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಇಂಚು ತಪ್ಪುತ್ತದೆ. ಪಂದ್ಯದ ಟೇಬಲ್ಲಿನ ಮೂಲೆ ಪಾಕೆಟ್ಟಿನ ಬಾಯಿ ನಾಲ್ಕೂವರೆ ಇಂಚಿನಷ್ಟು, ಚೆಂಡು ಎರಡೂಕಾಲು ಇಂಚು. ನಡುವಿಗೆ ಬಂದರೆ ಎರಡೂ ಬದಿಗೆ ಉಳಿಯುವುದು ಒಂದು ಇಂಚಿಗಿಂತ ಚೂರು ಹೆಚ್ಚು. ಮೆಲ್ಲಗೆ ಬಂದ ಚೆಂಡನ್ನು ಪಾಕೆಟ್ಟಿನ ದವಡೆ ಒಳಗೆ ಎಳೆದುಕೊಂಡೀತು, ಬಿರುಸಾಗಿ ಬಂದದ್ದನ್ನು ಉಗುಳಿಬಿಡುತ್ತದೆ. ಒಂದೇ ಡಿಗ್ರಿಯೊಳಗೆ ಮುಗಿಯುವ ವ್ಯವಹಾರ ಇದು. ಟೇಬಲ್ಲಿನ ಉದ್ದಕ್ಕೂ ಹೊಡೆದು, ಅಗಲದ ಕುಷನ್ನಿಗೆ ಬಡಿಸಿ ಮತ್ತೆ ಇತ್ತ ಮೂಲೆಗೆ ತರುವ ಉದ್ದ ಬ್ಯಾಂಕಿನಲ್ಲಂತೂ ಅದೇ ಒಂದು ಡಿಗ್ರಿ ಇದಕ್ಕೆ ಎರಡರಷ್ಟು ತಪ್ಪಾಗಿ ಬೆಳೆಯುತ್ತದೆ. ಬೇರೆ ದಾರಿ ಇದ್ದಾಗ ಅದನ್ನು ಆಡಬೇಡ.

ಅಭ್ಯಾಸ ಹೀಗೆ ಮಾಡು. ಫೈಲ್ ಹಾಳೆಗಳ ತೂತಿಗೆ ಅಂಟಿಸುವ ಪುಟ್ಟ ಕಾಗದದ ಉಂಗುರಗಳು ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತವೆ. ಪಾರ್ಲರಿನವರನ್ನು ಕೇಳಿ, ಅವರು ಒಪ್ಪಿದರೆ, ಬಿಳಿ ಚೆಂಡಿಗೊಂದು, ಗುರಿಚೆಂಡಿಗೊಂದು ಬಟ್ಟೆಯ ಮೇಲೆ ಅಂಟಿಸಿ ಜಾಗ ಗುರುತು ಮಾಡಿಕೋ. ಮುಗಿದ ಮೇಲೆ ಕಿತ್ತು ಬಟ್ಟೆ ಒರೆಸುವುದನ್ನು ಮರೆಯಬೇಡ. ಬಿಳಿ ಚೆಂಡು, ಗುರಿಚೆಂಡು, ಕುಷನ್ನಿನ ಗುರಿ, ಮೂರೂ ಒಂದೇ ಗೆರೆಯಲ್ಲಿರಲಿ. ಕಟ್ ಇಲ್ಲದ ಪೂರ್ತಿ ಪೆಟ್ಟು ಬೀಳಬೇಕು. ಮೊದಲು, ಪಾಕೆಟ್ಟಿನವರೆಗೆ ಹೋಗಿ ಬೀಳುವಷ್ಟೇ ಮೆಲ್ಲಗೆ ಹೊಡೆ. ಆಮೇಲೆ, ಪಾಕೆಟ್ ಇಲ್ಲದಿದ್ದರೆ ಇನ್ನೊಂದು ಸಲ ಟೇಬಲ್ಲಿನ ಅಗಲವನ್ನು ದಾಟಬಹುದಾದಷ್ಟು ವೇಗ. ಕೊನೆಗೆ ಬ್ರೇಕ್ ಹೊಡೆತಕ್ಕೆ ಸ್ವಲ್ಪವೇ ಕಡಿಮೆಯ ಬಿರುಸು. ಚೆಂಡು ಬೀಳಲಿ ಬಿಡಲಿ, ಅದು ನಿನ್ನ ಚಿಂತೆಯಲ್ಲ. ಎಲ್ಲಿ ಬಂದು ಬಡಿಯಿತು ಎಂಬುದನ್ನಷ್ಟೇ ನೋಡು. ಮೆಲ್ಲನೆಯದು ಪಾಕೆಟ್ ದಾಟಿ ಅಗಲದ ಕುಷನ್ನಿನ ಕಡೆಗೆ ಬರುತ್ತದೆ, ಬಿರುಸಿನದು ಪಾಕೆಟ್ಟಿಗೆ ಮೊದಲೇ ಉದ್ದದ ಕುಷನ್ನಿಗೆ ಬಡಿಯುತ್ತದೆ. ಪಟ್ಟೆ ಇರುವ ಚೆಂಡನ್ನು ಬಳಸಿದರೆ ಪಟ್ಟೆ ಹೇಗೆ ತಿರುಗುತ್ತಿದೆ ಎಂಬುದೂ ಕಾಣುತ್ತದೆ. ಜಾರುವಾಗ ಪಟ್ಟೆ ತಿರುಗದೆ ನಿಂತಂತಿರುತ್ತದೆ, ಉರುಳತೊಡಗಿದ ಕೂಡಲೇ ಸುತ್ತತೊಡಗುತ್ತದೆ. ಇಷ್ಟು ಹೊತ್ತು ನಾನು ಹೇಳಿದ್ದನ್ನೆಲ್ಲ ಆ ಪಟ್ಟೆ ನಿನಗೆ ಕಣ್ಣಾರೆ ತೋರಿಸುತ್ತದೆ.

ಹೀಗೆ ಮೂರನ್ನೂ ನೋಡಿದ ಮೇಲೆ ಒಂದು ವೇಗವನ್ನು ಆರಿಸಿಕೋ. ಅದು ನಿನ್ನದಾಗಬೇಕು. ನಾನಾದರೆ ನಡುವಿನದನ್ನೇ ಹಿಡಿ ಎನ್ನುತ್ತೇನೆ. ಅಮೆರಿಕದ ಕೆಂಟಕಿ, ಟೆನ್ನೆಸ್ಸಿ ಕಡೆಯ ಹೆಸರಾಂತ ಬ್ಯಾಂಕ್ ಆಟಗಾರರಲ್ಲಿ ಹಲವರು ಬಿರುಸನ್ನು ಆರಿಸಿಕೊಂಡವರು. ಅದಕ್ಕೂ ಕಾರಣವಿದೆ. ಜಾರುತ್ತಲೇ ಬರುವ ಚೆಂಡಿನ ಮೇಲೆ ಬಟ್ಟೆಯ ಸ್ವಭಾವದ ಪ್ರಭಾವ ಕಡಿಮೆ, ಹಾಗಾಗಿ ಅದು ಎಲ್ಲ ಟೇಬಲ್ಲುಗಳಲ್ಲೂ ಸುಮಾರಾಗಿ ಒಂದೇ ಥರ ನಡೆದುಕೊಳ್ಳುತ್ತದೆ. ಆದರೆ ಬಿರುಸಿಗೆ ಪಾಕೆಟ್ ಕಿರಿದಾಗುತ್ತದೆ, ಕೈ ಅಲುಗುತ್ತದೆ. ಅವರ ಕೈ ಪಳಗಿದ್ದು, ನಿನ್ನದು ಇನ್ನೂ ಪಳಗಬೇಕು. ಯಾವುದನ್ನೇ ಆರಿಸಿಕೋ, ಅದೇ ವೇಗದಲ್ಲಿ ಟೇಬಲ್ಲಿನ ಎಲ್ಲ ಜಾಗಗಳಿಂದ ಹೊಡೆದು ನೋಡು. ದಿನಕ್ಕೊಂದು ವೇಗ ಬದಲಿಸುವವರ ತಲೆಯಲ್ಲಿ ಯಾವ ಕೋನವೂ ನಿಲ್ಲುವುದಿಲ್ಲ.

ಒಂದೇ ವೇಗ ಹಿಡಿದರೂ ಒಂದು ಸಂಗತಿ ಬದಲಾಗುತ್ತಲೇ ಇರುತ್ತದೆ: ಗುರಿಚೆಂಡು ಕುಷನ್ನಿನಿಂದ ಎಷ್ಟು ದೂರದಲ್ಲಿದೆ ಎಂಬುದು. ಹತ್ತಿರವಿದ್ದರೆ ಉರುಳು ಹುಟ್ಟುವ ಮೊದಲೇ ಕುಷನ್ ಬಂದುಬಿಡುತ್ತದೆ, ಆದ್ದರಿಂದ ಶಾರ್ಟ್. ದೂರವಿದ್ದರೆ ಅದೇ ವೇಗದಲ್ಲೂ ಉರುಳಿಕೊಂಡು ಬಂದು ಲಾಂಗ್. ಇದನ್ನು ಸೂತ್ರದಲ್ಲಿ ಹಿಡಿಯಲು ಹೋಗಬೇಡ, ಕೈಗೆ ಬಿಡು. ಕೆಲವು ವಾರಗಳ ಅಭ್ಯಾಸದಲ್ಲಿ ಕೈಗೆ ಅದು ಗೊತ್ತಾಗುತ್ತದೆ.

ಇನ್ನು ಕಟ್ ಬೆರೆತ ಬ್ಯಾಂಕ್. ಕಷ್ಟದ ಬ್ಯಾಂಕುಗಳಲ್ಲಿ ಹೆಚ್ಚಿನವು ಇವೇ. ಬಿಳಿ ಚೆಂಡು ಗುರಿಚೆಂಡಿನ ಬದಿಗೆ ತಾಗಿದಾಗ ಎರಡರ ಮೈ ಉಜ್ಜುತ್ತದೆ. ಆ ಉಜ್ಜಾಟ ಗುರಿಚೆಂಡನ್ನು ತುಸು ಪಕ್ಕಕ್ಕೆ ತಳ್ಳುತ್ತದೆ, ಜೊತೆಗೆ ಅದಕ್ಕೊಂದು ಬುಗುರಿಯ ಸುತ್ತು ಕೊಡುತ್ತದೆ. ಪಕ್ಕಕ್ಕೆ ತಳ್ಳುವುದು ಹೆಚ್ಚೆಂದರೆ ಸುಮಾರು 5 ಡಿಗ್ರಿ, ಅದೂ ಅರ್ಧಚೆಂಡಿನ ಪೆಟ್ಟನ್ನು ಮೆಲ್ಲಗೆ ಹೊಡೆದಾಗ. ಒಂದು ಡಿಗ್ರಿಗೇ ಪಾಕೆಟ್ ತಪ್ಪುವ ಆಟದಲ್ಲಿ ಅದು ಸಣ್ಣದಲ್ಲ. ಸುತ್ತಿನ ವಿಷಯವನ್ನು ನೆನಪಿಡುವುದಕ್ಕೆ ಒಂದು ಸುಲಭದ ದಾರಿ ಹೇಳುತ್ತೇನೆ. ಗುರಿಚೆಂಡು ಕುಷನ್ನಿಗೆ ಬಡಿದು ಎಡಕ್ಕೆ ಹೋಗಬೇಕು ಎಂದುಕೋ. ನೀನು ಅದನ್ನು ಎಡಕ್ಕೆ ಕಟ್ ಮಾಡುತ್ತಿದ್ದರೆ, ಬಿಳಿ ಚೆಂಡು ಬಲಕ್ಕೆ ಸರಿಯುತ್ತದೆ, ಗುರಿಚೆಂಡಿಗೆ ಸಿಕ್ಕ ಸುತ್ತು ಕುಷನ್ನಿನಲ್ಲಿ ಅದನ್ನು ತಡೆಯುತ್ತದೆ, ಚೆಂಡು ಶಾರ್ಟ್ ಬರುತ್ತದೆ. ಅದೇ ಎಡಕ್ಕೆ ಹೋಗಬೇಕಾದ ಚೆಂಡನ್ನು ಬಲಕ್ಕೆ ಕಟ್ ಮಾಡಿ ಕುಷನ್ನಿಗೆ ಕಳಿಸುತ್ತಿದ್ದರೆ, ಅಂದರೆ ಬಿಳಿ ಚೆಂಡು ಗುರಿಚೆಂಡಿನ ದಾರಿಯನ್ನು ಅಡ್ಡ ಹಾಯ್ದು ಹೋಗುವಂತಿದ್ದರೆ, ಸುತ್ತು ಓಟಕ್ಕೆ ಸೇರಿಕೊಂಡು ಚೆಂಡು ಲಾಂಗ್ ಹೋಗುತ್ತದೆ. ಅಡ್ಡ ಹಾಯ್ದರೆ ಲಾಂಗ್, ಹಾಯದಿದ್ದರೆ ಶಾರ್ಟ್. ನೂರು ಸಲ ಹೊಡೆದು ನೋಡಿದ ಮೇಲೆ ಇದನ್ನು ನೆನಪಿಡುವ ಅಗತ್ಯವೇ ಇರುವುದಿಲ್ಲ.

ಬಿಳಿ ಚೆಂಡಿಗೆ ಸೈಡ್ ಕೊಟ್ಟು, ಅಂದರೆ ನಡುಗೆರೆಯ ಎಡಕ್ಕೋ ಬಲಕ್ಕೋ ಹೊಡೆದು, ಗುರಿಚೆಂಡಿಗೆ ಸುತ್ತು ದಾಟಿಸುವ ವಿದ್ಯೆಯೂ ಇದೆ. ಬಿಳಿಗೆ ಎಡ ಸೈಡ್ ಕೊಟ್ಟರೆ ಗುರಿಚೆಂಡಿಗೆ ಬಲ ಸೈಡ್ ಬರುತ್ತದೆ. ಕುಷನ್ನಿಗೆ ಬಡಿದು ಎಡಕ್ಕೆ ಹೋಗುವ ಚೆಂಡನ್ನು ಇದು ಶಾರ್ಟ್ ಮಾಡುತ್ತದೆ. ಬಿಳಿಗೆ ಬಲ ಸೈಡ್ ಕೊಟ್ಟರೆ ಅದೇ ಚೆಂಡು ಲಾಂಗ್ ಹೋಗುತ್ತದೆ. ನೇರ ಲೆಕ್ಕದಲ್ಲಿ ದಾರಿ ಸಿಗದಾಗ, ಪಾಕೆಟ್ಟಿನ ಬಾಯಿಗೆ ಇನ್ನೊಂದು ಚೆಂಡು ಅಡ್ಡ ನಿಂತಿದ್ದಾಗ, ಇದು ನಿಜಕ್ಕೂ ಬೇಕಾಗುತ್ತದೆ. ಆದರೆ ಕಲಿಕೆಯ ಮೊದಲ ವರ್ಷ ಇದರ ತಂಟೆಗೆ ಹೋಗದಿದ್ದರೆ ಒಳ್ಳೆಯದು. ಸೈಡ್ ಕೊಟ್ಟ ಬಿಳಿ ಚೆಂಡು ತಾನೇ ಗೆರೆ ತಪ್ಪುತ್ತದೆ, ಗುರಿಚೆಂಡನ್ನೂ ಪಕ್ಕಕ್ಕೆ ತಳ್ಳುತ್ತದೆ. ಎಲ್ಲಿ ತಪ್ಪಾಯಿತು ಎಂಬುದನ್ನು ಹುಡುಕುವುದೇ ಆಗದು. ನಡುಗೆರೆಯಲ್ಲಿ ಹೊಡೆಯುವವರಿಗೆ ತಪ್ಪಿನ ಕಾರಣ ಬೇಗ ಗೊತ್ತಾಗುತ್ತದೆ, ಬೇಗ ಗೊತ್ತಾದದ್ದು ಬೇಗ ತಿದ್ದಿಕೊಳ್ಳುತ್ತದೆ.

ಲೆಕ್ಕವೆಲ್ಲ ಸರಿಯಿದ್ದೂ ಬ್ಯಾಂಕ್ ಕೆಡುವುದಕ್ಕೆ ಇನ್ನೊಂದು ದೊಡ್ಡ ಕಾರಣ ಕಿಸ್. ಕುಷನ್ನಿಗೆ ಬಡಿದು ಬರುವ ಗುರಿಚೆಂಡು, ತನ್ನ ಹಿಂದೆಯೇ ಬಂದ ಬಿಳಿ ಚೆಂಡಿಗೆ ಮತ್ತೆ ಡಿಕ್ಕಿ ಹೊಡೆಯುತ್ತದೆ. ಗುರಿಚೆಂಡು ಕುಷನ್ನಿಗೆ ಅಂಟಿಕೊಂಡಿದ್ದಾಗ, ಇಲ್ಲವೇ ತೀರ ಹತ್ತಿರವಿದ್ದು ನೇರಕ್ಕೆ ನೇರ ಪೆಟ್ಟು ಹೊಡೆದಾಗ ಇದು ಹೆಚ್ಚುಕಡಿಮೆ ಖಚಿತ. ಹೊಡೆಯುವ ಮೊದಲು ಎರಡು ದಾರಿಗಳನ್ನು ಕಣ್ಣಿನಲ್ಲಿ ನಡೆದು ನೋಡು: ಗುರಿಚೆಂಡಿನದು ಒಂದು, ಪೆಟ್ಟು ಕೊಟ್ಟ ಮೇಲೆ ಬಿಳಿಯದು ಇನ್ನೊಂದು. ಅವು ಕೂಡುವ ಜಾಗಕ್ಕೆ ಎರಡೂ ಒಟ್ಟಿಗೆ ಬರುತ್ತವೆಯೇ? ಬರುವಂತಿದ್ದರೆ ಬಿಳಿಯ ನಡುವಿಗಿಂತ ತುಸು ಕೆಳಗೆ ಹೊಡೆದು ಅದನ್ನು ನಿಲ್ಲಿಸು, ಇಲ್ಲವೇ ಹಿಂದಕ್ಕೆಳೆ, ಇಲ್ಲವೇ ಪೆಟ್ಟನ್ನು ಕೊಂಚ ಓರೆಮಾಡಿ ಬಿಳಿಯನ್ನು ದಾರಿಯಿಂದ ಆಚೆ ಕಳಿಸು. ಯಾವುದೂ ಆಗದಿದ್ದರೆ ಅಲ್ಲಿ ಬ್ಯಾಂಕ್ ಇಲ್ಲ ಎಂದೇ ತಿಳಿ. ಇದ್ದಂತೆ ಕಾಣುತ್ತದೆ, ಅಷ್ಟೇ.

ಕಣ್ಣಿನ ವಿಷಯದಲ್ಲಿ ನಿನಗೆ ಒತ್ತಿ ಹೇಳಬೇಕಾದ್ದು ಒಂದಿದೆ. ಬ್ಯಾಂಕ್ ಹೊಡೆಯುವಾಗ ಎಳೆಯರ ತಲೆ ಮೇಲೇಳುತ್ತದೆ. ಕುಷನ್ನಿನಿಂದ ಚೆಂಡು ಹೇಗೆ ಬರುತ್ತದೆಂದು ನೋಡುವ ಆಸೆ, ಕ್ಯೂ ಇನ್ನೂ ಮುಂದಕ್ಕೆ ಹೋಗುತ್ತಿರುವಾಗಲೇ ಭುಜವನ್ನು ಎಬ್ಬಿಸಿಬಿಡುತ್ತದೆ. ಕುಷನ್ನಿನ ಜಾಗವನ್ನು ನಿಂತುಕೊಂಡೇ ನಿಶ್ಚಯಿಸು. ಬಗ್ಗಿದ ಮೇಲೆ ಕುಷನ್ನನ್ನು ಮರೆತುಬಿಡು. ಗುರಿಚೆಂಡಿನ ಯಾವ ಬಿಂದುವಿಗೆ ತಾಗಬೇಕು, ಅದೊಂದೇ ನಿನ್ನ ಕೆಲಸ. ಬಗ್ಗಿದ ಮೇಲೆ ಅನುಮಾನ ಬಂದರೆ ಎದ್ದು ನಿಂತು ಮತ್ತೆ ಲೆಕ್ಕ ಹಾಕು. ಬಗ್ಗಿಕೊಂಡೇ ಗುರಿ ತಿದ್ದಬೇಡ. ಆ ಹೊಡೆತ ನೇರವಾಗಿ ಬರುವುದಿಲ್ಲ.

ಬ್ಯಾಂಕನ್ನೇ ಇಡೀ ಆಟವಾಗಿ ಆಡುವವರಿದ್ದಾರೆ. ಅಮೆರಿಕದ ಬ್ಯಾಂಕ್ ಪೂಲಿನಲ್ಲಿ ಯಾವ ಚೆಂಡನ್ನೂ ನೇರವಾಗಿ ಹಾಕುವಂತಿಲ್ಲ. ಚೆಂಡನ್ನೂ ಪಾಕೆಟ್ಟನ್ನೂ ಮೊದಲೇ ಹೇಳಬೇಕು, ಕನಿಷ್ಠ ಒಂದು ಕುಷನ್ನಿಗೆ ಬಡಿದ ಮೇಲೆಯೇ ಅದು ಬೀಳಬೇಕು, ನಡುವೆ ಬೇರೆ ಚೆಂಡಿಗೆ ತಾಗಿದರೆ ಲೆಕ್ಕಕ್ಕಿಲ್ಲ. ಹದಿನೈದು ಚೆಂಡಿನ ಆಟದಲ್ಲಿ ಎಂಟು ಹಾಕಿದವರು ಗೆದ್ದಂತೆ, ಒಂಬತ್ತರ ಆಟದಲ್ಲಿ ಐದು. 1999ರಲ್ಲಿ ಶುರುವಾದ ಡರ್ಬಿ ಸಿಟಿ ಕ್ಲಾಸಿಕ್ ಎಂಬ ದೊಡ್ಡ ಕೂಟದಲ್ಲಿ ಇದಕ್ಕೇ ಒಂದು ವಿಭಾಗವಿದೆ. ಟೆನ್ನೆಸ್ಸಿಯ ಎಡ್ಡಿ ಟೇಲರ್, ‘ನಾಕ್ಸ್‌ವಿಲ್ ಬೇರ್’ ಎಂದು ಹೆಸರಾದವರು, ಈ ಆಟದ ಅತಿ ದೊಡ್ಡ ಆಟಗಾರರಲ್ಲೊಬ್ಬರು ಎಂದು ಬಲ್ಲವರು ಒಪ್ಪುತ್ತಾರೆ. ಇಂಥವರ ಆಟದಲ್ಲಿ ನೋಡಿ ಕಲಿಯಬೇಕಾದ್ದು ಚೆಂಡು ಬೀಳುವ ಚಂದವನ್ನಲ್ಲ, ಬೀಳದಿದ್ದಾಗ ಏನಾಗುತ್ತದೆ ಎಂಬುದನ್ನು. ಒಳ್ಳೆಯ ಬ್ಯಾಂಕ್ ಆಟಗಾರರು ಹೊಡೆಯುವ ಮೊದಲೇ ಎರಡನ್ನು ಯೋಚಿಸಿರುತ್ತಾರೆ: ಚೆಂಡು ಬಿದ್ದರೆ ಬಿಳಿ ಎಲ್ಲಿ ನಿಲ್ಲಬೇಕು, ತಪ್ಪಿದರೆ ಎದುರಾಳಿಗೆ ಏನೂ ಸಿಗದಂತೆ ಎರಡೂ ಚೆಂಡುಗಳು ಎಲ್ಲಿ ಹೋಗಿ ನಿಲ್ಲಬೇಕು. ಇಲ್ಲಿಯೂ ವೇಗವೇ ದೊಡ್ಡದು. ಕೋನ ಚೆಂಡನ್ನು ಹಾಕುತ್ತದೆ, ವೇಗ ಚೆಂಡನ್ನು ನಿಲ್ಲಿಸುತ್ತದೆ.

ಹಾಗೆಯೇ ಫಿಲಿಪ್ಪೀನ್ಸಿನ ಎಫ್ರೆನ್ ರೇಯಸ್ ಆಟವನ್ನು ನೋಡು. ಚಿಕ್ಕಪ್ಪನ ಪೂಲ್ ಹಾಲಿನಲ್ಲಿ ಬೆಳೆದ ಹುಡುಗ 1999ರಲ್ಲಿ ಕಾರ್ಡಿಫ್‌ನಲ್ಲಿ ನೈನ್ ಬಾಲ್ ವಿಶ್ವ ಚಾಂಪಿಯನ್ ಆದ. ಅದಕ್ಕೂ ಮೊದಲು, 1995ರಲ್ಲಿ ರೀನೋದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ವಿರುದ್ಧದ ಪಂದ್ಯದಲ್ಲಿ, ಗುರಿಚೆಂಡು ಕಾಣದಂತೆ ಮರೆಯಾಗಿದ್ದಾಗ ಬಿಳಿಯನ್ನೇ ಎರಡು ಕುಷನ್ನಿಗೆ ಬಡಿಸಿ ಅದನ್ನು ಹಾಕಿದ ಹೊಡೆತ ಇವತ್ತಿಗೂ ಪೂಲ್ ಆಡುವವರ ಬಾಯಲ್ಲಿದೆ. ಅದು ಬ್ಯಾಂಕ್ ಅಲ್ಲ, ಕಿಕ್. ಗುರಿಚೆಂಡಿನ ಬದಲು ಬಿಳಿ ಕುಷನ್ನಿಗೆ ಮೊದಲು ಹೋಗುತ್ತದೆ. ಆದರೆ ಕುಷನ್ನಿನ ಜ್ಞಾನ ಎರಡಕ್ಕೂ ಒಂದೇ. ಎರಡು ಅಕ್ಕಪಕ್ಕದ ಕುಷನ್ನುಗಳಿಗೆ ಬಡಿದ ಚೆಂಡು ತಾನು ಹೋದ ದಾರಿಗೆ ಸಮಾಂತರವಾಗಿ ಮರಳುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ. ಟೇಬಲ್ಲಿನ ಮೇಲೆ ಉರುಳು, ಸುತ್ತು, ಬಟ್ಟೆ ಎಲ್ಲ ಸೇರಿ ಅದನ್ನು ಅತ್ತಿತ್ತ ಮಾಡುತ್ತವೆ. ಎಷ್ಟು ಎಂಬುದನ್ನು ಆ ಟೇಬಲ್ಲಿಗೇ ಕೇಳಬೇಕು.

ನಮ್ಮ ಕ್ಲಬ್ಬುಗಳಲ್ಲಿ ಬ್ಯಾಂಕಿಗೆ ‘ಡಬಲ್’ ಎನ್ನುವವರೇ ಹೆಚ್ಚು, ಸ್ನೂಕರಿನ ರೂಢಿ ಅದು. ಸ್ನೂಕರ್ ಹುಟ್ಟಿದ್ದೇ ಈ ದೇಶದಲ್ಲಿ. 1875ರಲ್ಲಿ ಜಬಲ್ಪುರದಲ್ಲಿ, ಅಲ್ಲಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳ ನಡುವೆ ಅದು ಶುರುವಾಯಿತು, ಆಮೇಲೆ ನಮ್ಮ ಮೈಸೂರಿನ ಪಕ್ಕದ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳು ರೂಪುಗೊಂಡವು. ನೀನು ಸ್ನೂಕರ್ ಟೇಬಲ್ಲಿನಲ್ಲೂ ಆಡುವವನಾಗಿದ್ದರೆ, ಆಡುವವಳಾಗಿದ್ದರೆ, ಅಲ್ಲಿಯ ಲೆಕ್ಕವನ್ನು ಪೂಲಿಗೆ ಹಾಗೆಯೇ ತರಬೇಡ. ಅಲ್ಲಿ ಚೆಂಡು ಚಿಕ್ಕದು, ಬಟ್ಟೆಗೆ ರೋಮವಿದೆ, ಪಾಕೆಟ್ಟಿನ ತುಟಿ ದುಂಡಗಿದೆ, ಕುಷನ್ನಿನ ಆಕಾರವೇ ಬೇರೆ. ಆದರೆ ಅಲ್ಲಿಂದ ತರಬೇಕಾದ್ದು ಒಂದಿದೆ, ಅದು ವೇಗದ ಹದ. ಬೆಂಗಳೂರಿನ ಪಂಕಜ್ ಅಡ್ವಾಣಿ ಅರವಿಂದ್ ಸವೂರ್ ಅವರ ಬಳಿ ಕಲಿತು, 2024ರ ಹೊತ್ತಿಗೆ ಬಿಲಿಯರ್ಡ್ಸ್ ಸ್ನೂಕರ್ ಎರಡೂ ಸೇರಿ 28 ವಿಶ್ವ ಪ್ರಶಸ್ತಿ ಗೆದ್ದವರು. ಅವರ ಬಿಲಿಯರ್ಡ್ಸ್ ಬ್ರೇಕ್ ಒಂದನ್ನು ಪೂರ್ತಿ ಕೂತು ನೋಡು. ಮೂರೇ ಚೆಂಡು, ಪ್ರತಿ ಹೊಡೆತದ ನಂತರವೂ ಅವು ಬೇಕಾದಲ್ಲಿಗೆ ಬಂದು ನಿಲ್ಲುತ್ತವೆ. ಆ ನಿಲುಗಡೆಯ ಗುಟ್ಟು ವೇಗದ ಮೇಲಿನ ಹಿಡಿತದಲ್ಲಿದೆ. ಪೂಲ್ ಆಡುವ ಎಳೆಯರು ಬಿಲಿಯರ್ಡ್ಸ್ ನೋಡುವುದಿಲ್ಲ, ನಿಧಾನದ ಆಟ ಅಂತಾರೆ. ನೋಡಬೇಕು. ಬ್ಯಾಂಕ್ ಕಲಿಯುವವರಂತೂ ನೋಡಲೇಬೇಕು.

ಯಾವಾಗ ಹೊಡೆಯಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ನೇರ ಕಟ್ ಇದ್ದರೆ, ಅದು ತೆಳುವಾಗಿದ್ದರೂ, ಬಹುಪಾಲು ಸಲ ಅದೇ ಮೇಲು. ಸುರಕ್ಷಿತವಾಗಿ ಅಡಗಿಸಿಡುವ ಆಟ ಇದ್ದರೆ ಅದನ್ನೂ ತೂಗಿ ನೋಡು. ಸುತ್ತ ನಿಂತವರು ‘ಬ್ಯಾಂಕ್ ಹೊಡಿ, ಬ್ಯಾಂಕ್ ಹೊಡಿ’ ಎಂದು ಹುರಿದುಂಬಿಸಿದರೆ ಅದಕ್ಕೆ ಕಿವಿಗೊಡಬೇಡ. ಅವರಿಗೆ ಬೇಕಾದ್ದು ಚಪ್ಪಾಳೆ ತಟ್ಟುವ ಒಂದು ಕ್ಷಣ, ನಿನಗೆ ಬೇಕಾದ್ದು ಫ್ರೇಮು. ಡಬಲ್ ಹಾಕಿದರೆ ಇಷ್ಟು ದುಡ್ಡು ಎಂದು ಪಣ ಕಟ್ಟುವವರ ಹತ್ತಿರ ಸುಳಿಯಲೇಬೇಡ. ದುಡ್ಡಿನ ಭಯ ಕೈಗೆ ಹತ್ತಿದರೆ ಮೊದಲು ಹೋಗುವುದೇ ವೇಗದ ಹದ. ಎಷ್ಟೋ ಒಳ್ಳೆಯ ಕೈಗಳು ಹಾಗೆ ಕೆಟ್ಟದ್ದನ್ನು ಕಂಡು ಈ ಮಾತು ಹೇಳುತ್ತಿದ್ದೇನೆ.

ಟೇಬಲ್ ಪ್ರತಿದಿನವೂ ಒಂದೇ ಥರ ಇರುವುದಿಲ್ಲ. 1835ರಲ್ಲಿ ಲಂಡನ್ನಿನ ಜಾನ್ ಥರ್ಸ್ಟನ್ ಕುಷನ್ನಿಗೆ ರಬ್ಬರ್ ಹಾಕಿದಾಗ, ಚಳಿ ಬಿದ್ದರೆ ಅದು ಗಟ್ಟಿಯಾಗಿ ಪುಟಿಯುವುದನ್ನೇ ನಿಲ್ಲಿಸುತ್ತಿತ್ತು. ಹದಗೊಳಿಸಿದ ರಬ್ಬರ್ ಬಂದ ಮೇಲೆಯೇ ಅದು ಸರಿಹೋದದ್ದು. ಈಗಿನ ರಬ್ಬರ್ ಅಷ್ಟು ನಾಜೂಕಲ್ಲ, ಆದರೂ ಹಳೆಯ ಕುಷನ್, ಹೊಸ ಕುಷನ್, ಒಂದೇ ಟೇಬಲ್ಲಿನ ನಾಲ್ಕು ಬದಿಗಳು ಕೂಡ ಬೇರೆ ಬೇರೆಯಾಗಿ ನಡೆದುಕೊಳ್ಳುವುದುಂಟು. ಹೊಸದಾಗಿ ಹಾಕಿದ ಬಟ್ಟೆಯ ಮೇಲೆ ಚೆಂಡು ಹೆಚ್ಚು ಹೊತ್ತು ಜಾರುತ್ತದೆ, ಆದ್ದರಿಂದ ಬ್ಯಾಂಕ್ ಶಾರ್ಟ್ ಬರುತ್ತದೆ. ಮಳೆಗಾಲದಲ್ಲಿ ಬಟ್ಟೆ ತೇವ ಹೀರಿ ಚೆಂಡು ನಿಧಾನವಾಗುತ್ತದೆ. ಯೂರೋಪಿನ ಕ್ಯಾರಂ ಬಿಲಿಯರ್ಡ್ಸ್ ಟೇಬಲ್ಲುಗಳ ಕಲ್ಲಿಗೆ ಅಡಿಯಿಂದ ಕಾವು ಕೊಡುವುದು ಈ ತೇವ ತೆಗೆಯುವುದಕ್ಕೇ. ನಮ್ಮ ಪಾರ್ಲರುಗಳಲ್ಲಿ ಅದಿಲ್ಲ, ಎಸಿ ಹಾಕಿದ ಹೊತ್ತಿಗೂ ಆರಿಸಿದ ಹೊತ್ತಿಗೂ ವ್ಯತ್ಯಾಸ ಕಾಣುತ್ತದೆ. ಚೆಂಡಿನ ಮೇಲೆ ಚಾಕ್ ಪುಡಿ, ಬೆವರಿನ ಜಿಡ್ಡು ಇದ್ದರೆ ಉಜ್ಜಾಟ ಹೆಚ್ಚಿ ಗುರಿಚೆಂಡು ಎಲ್ಲಿಗೋ ಹೋಗುತ್ತದೆ. ಆಟಕ್ಕೆ ಮೊದಲು ಒಂದು ಒಣ ಬಟ್ಟೆಯಿಂದ ಚೆಂಡುಗಳನ್ನು ಒರೆಸುವುದು ಸಣ್ಣ ಕೆಲಸ, ಮಾಡು.

ಹಾಗಾಗಿ ಹೊಸ ಊರಿಗೆ, ಹೊಸ ಟೇಬಲ್ಲಿಗೆ ಪಂದ್ಯಕ್ಕೆ ಹೋದಾಗ, ಅಭ್ಯಾಸಕ್ಕೆ ಸಿಗುವ ಕೆಲವೇ ನಿಮಿಷಗಳನ್ನು ಸುಲಭದ ಚೆಂಡುಗಳನ್ನು ಹಾಕುತ್ತಾ ಕಳೆಯಬೇಡ. ನಾನು ಹೇಳಿದ ಆ ಒಂದಕ್ಕೆ ಎರಡರ ಬ್ಯಾಂಕನ್ನು ಇಡು. ನಿನ್ನದೇ ವೇಗದಲ್ಲಿ, ಸೈಡ್ ಇಲ್ಲದೆ, ಎರಡೂ ಉದ್ದದ ಕುಷನ್ನುಗಳಿಗೆ ಹೊಡೆದು ನೋಡು. ನೀನು ದಿನವೂ ಆಡುವ ಟೇಬಲ್ಲಿಗಿಂತ ಎಷ್ಟು ಶಾರ್ಟ್, ಎಷ್ಟು ಲಾಂಗ್ ಎಂಬುದನ್ನು ಅರ್ಧ ಡೈಮಂಡ್, ಕಾಲು ಡೈಮಂಡ್ ಲೆಕ್ಕದಲ್ಲಿ ಮನಸ್ಸಿನಲ್ಲಿ ಬರೆದುಕೋ. ಗುರಿಯನ್ನು ಅಷ್ಟು ಸರಿಸು, ವೇಗವನ್ನು ಮುಟ್ಟಬೇಡ. ಆಮೇಲೆ ಚೆಂಡುಗಳನ್ನು ಒರೆಸಿಟ್ಟು, ಚಾಕ್ ಹಚ್ಚಿಕೊಂಡು ಆಟಕ್ಕೆ ನಿಲ್ಲು.